ಕಿರಿಯರು ಕಿರಿಯರಿಗೆ ಹೇಳುವ ಕಾದಂಬರಿಗಳು

'ಕಾದಂಬರಿ' ಎಂಬುದು ಮೊದಲಿಗೆ ಒಬ್ಬ ಕನ್ಯೆಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ಗಂಧರ್ವ ರಾಜಪುತ್ರಿಯೊಬ್ಬಳಿಗೆ ಆ ಹೆಸರನ್ನಿಟ್ಟು ಅವಳ ಕಥೆಯನ್ನು ಸಂಸ್ಕೃತ ಗದ್ಯದಲ್ಲಿ ಬರೆಯತೊಡಗಿದನು. ಮುಗಿಸುವ ಮುನ್ನವೇ ತೀರಿಕೊಂಡನು. ಉಳಿದುದನ್ನು ಅವನ ಮಗನು ಪೂರೈಸಿದನು. ನಾಗವರ್ಮನು ಅದನ್ನು ಚಂಪೂರೂಪದಲ್ಲಿ ಕನ್ನಡಿಸಿ 'ಕರ್ಣಾಟಕ ಕಾದಂಬರಿ' ಎಂದು ಕರೆದನು. ಇಂಗ್ಲಿಷಿನ 'ನಾವೆಲ್' ಎಂಬ ಪ್ರಕಾರವು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದಾಗ ಮರಾಠಿಗರೂ ಕನ್ನಡಿಗರೂ ಈ ಕನ್ಯೆಯ ಹೆಸರನ್ನೇ ಆ ಪ್ರಕಾರಕ್ಕೆಲ್ಲ ಅನ್ವಯಿಸಿದರು. ಬಾಣನ ಆ ಕಥೆಯನ್ನು ಶೂದ್ರಕರಾಜನ ಸಭೆಯಲ್ಲಿ ನಿರೂಪಿಸುವುದು ಒಂದು ಗಿಣಿ ಎಂಬುದನ್ನು ಇಲ್ಲಿ ನೆನೆಯಬೇಕು. ಜಾಬಾಲಿ ಮುನಿಯ ಬಾಯಿಂದ ತಾನು ಕೇಳಿದುದನ್ನು ಅದು ರಾಜನಿಗೆ ಒಪ್ಪಿಸುತ್ತದೆ. ಒಬ್ಬರಿಂದ ಪಡೆದುದನ್ನು ಮತ್ತೊಬ್ಬರಿಗೆ ದಾಟಿಸುವ ಈ ಕೆಲಸವು ಕಾದಂಬರಿಯ ಹುಟ್ಟಿನೊಡನೆಯೇ ಬಂದುದು. ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನ ಹುಡುಗ ಹುಡುಗಿಯರು ತಾವು ಓದಿ ಮೆಚ್ಚಿದ ಕಾದಂಬರಿಯನ್ನು ಓರಗೆಯವರಿಗೆ ಹೇಗೆ ದಾಟಿಸುತ್ತಾರೆ, ಹಿರಿಯರಾದ ನಾವು ಅದರಿಂದ ಏನನ್ನು ತಿಳಿಯಬಹುದು ಎಂಬುದೇ ಪ್ರಕೃತ ಲೇಖನದ ವಿಷಯ.

ಹಾಲ್ಕುರಿಕೆಯವರಿಗೆ ಕಥೆಯನ್ನು ದಾಟಿಸುವುದು ಹೊಸ ಕೆಲಸವಲ್ಲ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. 'ಪಾಲ್' ಎಂಬುದು ಹಾಲಾಯಿತು, 'ಪೂ' ಎಂಬುದು ಹೂವಾಯಿತು. ಈ ನಿಯಮವನ್ನು ಮನಸ್ಸಿನಲ್ಲಿಟ್ಟು ನಮ್ಮೂರ ಹೆಸರನ್ನು ಉಚ್ಚರಿಸಿದವರಿಗೆ ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನು ನೆನಪಾಗದೆ ಇರಲಾರನು. ಅವನ ಊರು ತೆಲಂಗಾಣದ ಪಾಲಕುರ್ತಿ ಎಂಬ ಪಕ್ಷವು ಪ್ರಬಲವಾಗಿದೆ. ಆ ವಿವಾದವನ್ನು ಇಲ್ಲಿ ಬೆಳೆಸುವ ಉದ್ದೇಶವಿಲ್ಲ. ಸೋಮನಾಥನ ದ್ವಿಪದಿಯನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡದ ಷಟ್ಪದಿಗೆ ತಂದನು. ಅಂದಿನಿಂದ ಬಸವಪುರಾಣವು ನಮ್ಮ ಮಠಗಳ ಹಜಾರದಲ್ಲಿ, ಗುಡಿಗಳ ಜಗಲಿಯ ಮೇಲೆ, ಅಕ್ಷರ ಬಾರದವರ ಕಿವಿಗೂ ಬೀಳುತ್ತ ಬಂದಿತು. ಶ್ರಾವಣಮಾಸದಲ್ಲಿ ಒಬ್ಬರು ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರೆಲ್ಲ ಕುಳಿತು ಕೇಳುವುದು. ಯಾವ ಕಥೆಯನ್ನು ಕೇಳಬೇಕೆಂಬುದನ್ನು ಹಿರಿಯರೇ ನಿಶ್ಚಯಿಸುತ್ತಿದ್ದರು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಏಕೆಂದರೆ ನಿಶ್ಚಯಿಸಿದ ಹಿರಿಯರೂ ಅದೇ ಕಂಬಳಿಯ ಮೇಲೆ ಕುಳಿತು ಅದನ್ನೇ ಕೇಳುತ್ತಿದ್ದರು.

ಕಾದಂಬರಿಯು ಈ ಏರ್ಪಾಡನ್ನು ಬದಲಿಸಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ೧೮೯೯ರಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗಣಿಸುವುದು ವಾಡಿಕೆ. ಪುರಾಣವನ್ನು ಹತ್ತು ಜನ ಕೂಡಿ ಕೇಳಿದರೆ ಕಾದಂಬರಿಯನ್ನು ಒಬ್ಬನೇ, ಬಾಯಿ ತೆರೆಯದೆ, ಬಹುಮಟ್ಟಿಗೆ ಮೂಲೆಯೊಂದರಲ್ಲಿ ಕುಳಿತು ಓದಬೇಕು. ಹೀಗೆ ಒಬ್ಬನೇ ಓದಿದುದರಿಂದ ಉಂಟಾಗುವ ಒಂದು ತಳಮಳವಿದೆ. ಪುಸ್ತಕ ಮುಗಿಯುವ ಹೊತ್ತಿಗೆ ಓದಿದವನ ತಲೆಯಲ್ಲಿ ಒಂದು ಊರಿಗೆ ಊರೇ ನೆಲೆಗೊಂಡಿರುತ್ತದೆ. ಆ ಊರಿನ ಸುದ್ದಿಯನ್ನು ಮಾತಾಡಲು ಮನೆಯಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ಅವನು ಇನ್ನೊಬ್ಬನನ್ನು ಆ ಊರಿಗೆ ಕರೆದೊಯ್ಯಲೇಬೇಕಾಗುತ್ತದೆ. ಕಿರಿಯರು ಕಾದಂಬರಿಯನ್ನು ಶಿಫಾರಸು ಮಾಡುವುದರ ಮೂಲಕಾರಣ ಇದೇ ಎಂದು ನನ್ನ ನಂಬಿಕೆ. ಅವರಿಗೆ ಬೇಕಾದುದು ಮಾತಿಗೆ ಜೊತೆ. ಸಾಹಿತ್ಯಸೇವೆಯ ಯೋಚನೆ ಅವರಿಗಿಲ್ಲ.

ಹಿರಿಯರು ಈ ಹೊಸ ಓದನ್ನು ಸಂಶಯದಿಂದ ನೋಡಿದುದು ಸಹಜವೇ ಆಗಿತ್ತು. ಕಾದಂಬರಿ ಓದಿದ ಹುಡುಗನು ಪಾಠ ಬಿಡುತ್ತಾನೆ, ಓದಿದ ಹುಡುಗಿಯು ಮನೆಗೆಲಸ ಬಿಡುತ್ತಾಳೆ ಎಂಬ ಮಾತನ್ನು ಒಂದೆರಡು ತಲೆಮಾರಿನವರು ಕೇಳಿಯೇ ಬೆಳೆದರು. ಆದರೂ ಕಾದಂಬರಿ ಹರಡಿತು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಪ್ರಸಿದ್ಧವಾದುದು. ಧಾರವಾಡದಲ್ಲಿ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರ ಮನೆಗೇ ಪುಸ್ತಕ ಕಳುಹಿಸಿತು. ಅನಂತರ 'ಸುಧಾ', 'ತರಂಗ' ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳು ಬಂದವು. ದಿನಕ್ಕಿಷ್ಟು ಎಂದು ಬಾಡಿಗೆ ಪಡೆದು ಕಾದಂಬರಿ ಕೊಡುವ ಪುಟ್ಟ ಗ್ರಂಥಾಲಯಗಳು ಪೇಟೆಗಳಲ್ಲಿ ತಲೆಯೆತ್ತಿದವು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಸಾಯಿಸುತೆ ಇವರ ಕಾದಂಬರಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸೆರಗಿನ ಮರೆಯಲ್ಲಿ ಹೋದುವು ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಎನ್. ನರಸಿಂಹಯ್ಯನವರ ಹೆಸರನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಅವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನು ಒಂದು ಕಾಲದಲ್ಲಿ ಶಾಲೆಯ ಬೆಂಚಿನಿಂದ ಬೆಂಚಿಗೆ ಮೇಜಿನ ಕೆಳಗಿನಿಂದಲೇ ಪ್ರಯಾಣ ಮಾಡಿದ ಮಹನೀಯ. ಯಾವ ಸಾಹಿತ್ಯಚರಿತ್ರೆಯೂ ಅವರಿಗೆ ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಕೊಡಲಿಲ್ಲ. ಯಾವ ಉಪಾಧ್ಯಾಯರೂ ಅವರನ್ನು ಓದಿರೆಂದು ಹೇಳಲಿಲ್ಲ. ಆದರೂ ಮುನ್ನೂರು ಪುಟದ ಪುಸ್ತಕವೊಂದನ್ನು ಹಿಡಿದರೆ ಮುಗಿಸಬಲ್ಲೆನೆಂಬ ಧೈರ್ಯವನ್ನು ಅಸಂಖ್ಯ ಕನ್ನಡಿಗರಿಗೆ ಮೊದಲು ಕೊಟ್ಟವರು ಅವರೇ. ಆ ಧೈರ್ಯವಿಲ್ಲದವನಿಗೆ ಕುವೆಂಪು, ಕಾರಂತರ ಹೆಸರುಗಳನ್ನು ಎಷ್ಟು ಜಪಿಸಿದರೂ ಪ್ರಯೋಜನವಿಲ್ಲ.

ಕಿರಿಯನೊಬ್ಬನ ಮೆಚ್ಚುಗೆಯ ಮಾತಿಗೆ ಎಷ್ಟು ಬೆಲೆಯಿರಬಹುದೆಂಬುದಕ್ಕೆ ಹೊರನಾಡಿನ ಒಂದು ದೃಷ್ಟಾಂತವನ್ನು ಕೊಡಬಹುದು. ೧೯೩೬ರಲ್ಲಿ ಲಂಡನ್ನಿನ ಪ್ರಕಾಶಕರಾದ ಸ್ಟ್ಯಾನ್ಲಿ ಅನ್‌ವಿನ್ ಅವರ ಬಳಿಗೆ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರು ಬರೆದ ಕಥೆಯ ಹಸ್ತಪ್ರತಿ ಬಂದಿತು. ಮಕ್ಕಳ ಪುಸ್ತಕದ ಬಗ್ಗೆ ಮಕ್ಕಳೇ ತೀರ್ಪು ಹೇಳಬೇಕೆಂಬುದು ಅನ್‌ವಿನ್ನರ ಅಭಿಪ್ರಾಯ. ಅವರು ಅದನ್ನು ತಮ್ಮ ಹತ್ತು ವರ್ಷದ ಮಗ ರೇನರನ ಕೈಗೆ ಕೊಟ್ಟರು. ಹುಡುಗನು ಓದಿ, ಕಾಗುಣಿತದ ತಪ್ಪುಗಳಿಂದ ಕೂಡಿದ ಪುಟ್ಟ ವರದಿಯೊಂದನ್ನು ಬರೆದು, ಪುಸ್ತಕ ಚೆನ್ನಾಗಿದೆಯೆಂದು ತಿಳಿಸಿದನು. ಅದಕ್ಕೆ ಅವನಿಗೆ ದೊರೆತ ಸಂಭಾವನೆ ಒಂದು ಷಿಲಿಂಗು. ಮರುವರ್ಷ ಪ್ರಕಟವಾದ ಆ ಕೃತಿಯೇ ಟೋಲ್ಕಿನ್ನರ 'ದಿ ಹಾಬಿಟ್'. ಇಂದು ಜಗತ್ತಿನ ಹತ್ತಾರು ಭಾಷೆಗಳಲ್ಲಿ ಅದು ದೊರೆಯುತ್ತದೆ. ಅಮೆರಿಕದಲ್ಲಿ ಎಸ್.ಇ. ಹಿಂಟನ್ ಎಂಬ ಹುಡುಗಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ತನ್ನ ವಯಸ್ಸಿನವರ ನಿಜವಾದ ಬದುಕು ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲವಾಗಿ, ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ ತಾನೇ ಒಂದು ಕಾದಂಬರಿಯನ್ನು ಬರೆದಳು. ಅದು ೧೯೬೭ರಲ್ಲಿ ಪ್ರಕಟವಾದ 'ದಿ ಔಟ್‌ಸೈಡರ್ಸ್'. ಹರೆಯದವರ ಕಾದಂಬರಿ ಎಂಬ ಬೇರೆಯ ವಿಭಾಗವೇ ಇಂಗ್ಲಿಷಿನಲ್ಲಿ ಬಲವಾಗಿ ಬೆಳೆಯುವುದಕ್ಕೆ ಅದು ಕಾರಣಗಳಲ್ಲೊಂದಾಯಿತು.

ಕನ್ನಡದಲ್ಲಿ ಅಂಥ ವಿಭಾಗವು ಇನ್ನೂ ತೆಳುವಾಗಿಯೇ ಇದೆ. ನಾ. ಡಿ'ಸೋಜರ 'ಮುಳುಗಡೆಯ ಊರಿಗೆ ಬಂದವರು' ಎಂಬ ಕೃತಿಗೆ ೨೦೧೧ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು, ಅಂಥವು ಬೆರಳೆಣಿಕೆಯಷ್ಟು. ಹನ್ನೆರಡರವರೆಗೆ ಮಕ್ಕಳ ಕಥೆ, ಅಲ್ಲಿಂದ ಮುಂದೆ ಒಮ್ಮೆಗೇ ದೊಡ್ಡವರ ಕಾದಂಬರಿ ಎಂಬ ಸ್ಥಿತಿ ನಮ್ಮದು. ಈ ನಡುವಣ ಹಳ್ಳವನ್ನು ದಾಟಿಸುವವರು ಯಾರು? ಪಟ್ಟಿ ಮಾಡಿಕೊಡುವ ನಾವಲ್ಲ. ಹಿಂದಿನ ವಾರ ಅದೇ ಹಳ್ಳವನ್ನು ದಾಟಿದ ಹುಡುಗನೇ ದಾಟಿಸಬಲ್ಲನು. ಏಕೆಂದರೆ ಕಾಲಿಟ್ಟ ಕಲ್ಲುಗಳು ಅವನಿಗೆ ನೆನಪಿರುತ್ತವೆ.

ಅವನು ಶಿಫಾರಸು ಮಾಡುವ ಕ್ರಮವನ್ನು ಗಮನವಿಟ್ಟು ಕೇಳಬೇಕು. ಉಪಾಧ್ಯಾಯರಾದ ನಾವು ಒಂದು ಕೃತಿಯನ್ನು ಪರಿಚಯಿಸುವಾಗ ಕರ್ತೃವಿನ ಕಾಲ, ಬಿರುದು, ಪ್ರಶಸ್ತಿ, ಕೃತಿಯ ಆಶಯ, ಕೊನೆಗೆ ಅದರಿಂದ ಕಲಿಯಬೇಕಾದ ನೀತಿ ಎಂದು ಕ್ರಮವಾಗಿ ಹೋಗುತ್ತೇವೆ. ವಿದ್ಯಾರ್ಥಿಗೆ ಇವು ಯಾವುವೂ ಬೇಡ. ಮೊದಲ ಐವತ್ತು ಪುಟ ಬೇಸರವಾಗುತ್ತದೆ, ಬಿಡಬೇಡ, ಆಮೇಲೆ ನೀನೇ ಬಿಡುವುದಿಲ್ಲ ಎಂದು ಅವನು ಹೇಳುತ್ತಾನೆ. ಇದಕ್ಕಿಂತ ಉಪಯುಕ್ತವಾದ ವಿಮರ್ಶೆ ಯಾವುದು? ಇಂಥ ಪಾತ್ರ ಥೇಟು ನಮ್ಮ ಬೀದಿಯ ಇಂಥವರ ಹಾಗೆ ಎನ್ನುತ್ತಾನೆ. ಎಲ್ಲಿ ಅಳು ಬಂದಿತೆಂಬುದನ್ನು ಹುಡುಗಿಯರು ಹೇಳುತ್ತಾರೆ, ಹುಡುಗರು ಮರೆಸುತ್ತಾರೆ. ನಮ್ಮ ಸೀಮೆಯಲ್ಲಿ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಸುಲಿಯುವ ಮೊದಲು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗೊಟಗೊಟ ಸದ್ದಾಗುತ್ತದೆ. ಕಿರಿಯನ ಶಿಫಾರಸು ಆ ಸದ್ದಿನಂಥದು. ಒಳಗೆ ಸರಕು ಇದೆಯೆಂದಷ್ಟೇ ತಿಳಿಸುತ್ತದೆ. ಒಡೆದು ನೋಡುವ ಕೆಲಸ ಕೇಳಿದವನದು.

ಈ ಮಾತಿಗೆ ಇನ್ನೊಂದು ಬಲವಿದೆ. ಹೇಳಿದವನು ತನ್ನ ಮಾನವನ್ನೇ ಪಣವಾಗಿ ಇಟ್ಟಿರುತ್ತಾನೆ. ನಾವು ಕೊಟ್ಟ ಪುಸ್ತಕವು ರುಚಿಸದಿದ್ದರೆ ವಿದ್ಯಾರ್ಥಿಯು ಮೌನವಾಗಿ ಹಿಂದಿರುಗಿಸುತ್ತಾನೆ. ಗೆಳೆಯನು ಕೊಟ್ಟುದು ರುಚಿಸದಿದ್ದರೆ ಅವನನ್ನು ವಾರವೆಲ್ಲ ಗೇಲಿ ಮಾಡುತ್ತಾನೆ. ಆದುದರಿಂದ ಅವನು ಹೇಳುವಾಗಲೇ ತೂಗಿ ಹೇಳುತ್ತಾನೆ, ಯಾರಿಗೆ ಯಾವುದು ಎಂಬುದನ್ನು ಅಳೆಯುತ್ತಾನೆ. ಭಾರತದ ಗ್ರಂಥಾಲಯ ವಿಜ್ಞಾನದ ಜನಕರೆನಿಸಿದ ಎಸ್.ಆರ್. ರಂಗನಾಥನ್ ಅವರು ೧೯೩೧ರಲ್ಲಿ ನಿರೂಪಿಸಿದ ಐದು ಸೂತ್ರಗಳಲ್ಲಿ ಎರಡು ಓದುಗನಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ತಕ್ಕ ಓದುಗನನ್ನೂ ಕೂಡಿಸುವುದಕ್ಕೆ ಸಂಬಂಧಿಸಿದುವು. ಆ ಸೂತ್ರಗಳ ಹೆಸರನ್ನೇ ಕೇಳದ ಹತ್ತನೆಯ ತರಗತಿಯ ಹುಡುಗಿಯು ಅವನ್ನು ದಿನವೂ ಆಚರಿಸುತ್ತಿರುತ್ತಾಳೆ.

ನಮ್ಮ ಭಾಗದ ಕಿರಿಯರ ಬಾಯಲ್ಲಿ ಮತ್ತೆ ಮತ್ತೆ ಬರುವ ಕೃತಿಗಳಲ್ಲಿ ಎಸ್.ಎಲ್. ಭೈರಪ್ಪನವರ 'ಗೃಹಭಂಗ'ಕ್ಕೆ ಮೊದಲ ಸ್ಥಾನ ಸಲ್ಲುತ್ತದೆ. ಇದು ೧೯೭೦ರಲ್ಲಿ ಪ್ರಕಟವಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ನಿಧನರಾದ ಭೈರಪ್ಪನವರು ನಮ್ಮ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಕಥೆ ನಡೆಯುವುದು ಸುಮಾರು ೧೯೨೦ರಿಂದ ೧೯೪೫ರವರೆಗಿನ ಕಾಲದಲ್ಲಿ, ಇದೇ ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ. ಅದರ ಜನರು ಆಡುವ ಮಾತು ನಮ್ಮ ಅಜ್ಜಿಯರು ಆಡುತ್ತಿದ್ದ ಮಾತು. ಪಠ್ಯಪುಸ್ತಕದ ಕನ್ನಡವನ್ನಷ್ಟೇ ಅಚ್ಚಿನಲ್ಲಿ ಕಂಡಿದ್ದ ಹುಡುಗನಿಗೆ ತನ್ನ ಮನೆಯ ಮಾತು ಅಚ್ಚಾಗಿರುವುದನ್ನು ಕಂಡಾಗ ಆಗುವ ಬೆರಗನ್ನು ವರ್ಣಿಸಲಾಗದು. ಹುಡುಗರು ಈ ಕಾದಂಬರಿಯನ್ನು ಶಿಫಾರಸು ಮಾಡುವುದು ಹೆಚ್ಚಾಗಿ ಗಂಗಮ್ಮನ ಬೈಗುಳಗಳಿಗಾಗಿ ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಆ ಬೈಗುಳಗಳ ಆಸೆಗೆ ಪುಸ್ತಕ ಹಿಡಿದವರು ನೂರು ಪುಟ ಕಳೆಯುವುದರೊಳಗೆ ನಂಜಮ್ಮನ ಕಡೆಯವರಾಗಿರುತ್ತಾರೆ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸುವ ಆ ತಾಯಿಯನ್ನು ಕಂಡ ಮೇಲೆ ಅವರಿಗೆ ಬೈಗುಳದ ನಗೆ ಉಳಿಯುವುದಿಲ್ಲ.

ಪ್ಲೇಗಿನ ಪ್ರಕರಣವಂತೂ ಈಚಿನ ಓದುಗರಿಗೆ ಬೇರೆಯದೇ ಅರ್ಥವನ್ನು ಕೊಟ್ಟಿದೆ. ಇಲಿ ಬಿದ್ದಿತೆಂದು ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ನಮ್ಮ ಸೀಮೆಯ ಹಿರಿಯರು ಕಥೆಯಂತೆ ಹೇಳುತ್ತಿದ್ದರು, ಕಿರಿಯರು ಕಥೆಯಂತೆಯೇ ಕೇಳುತ್ತಿದ್ದರು. ೨೦೨೦ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದುವು. ಊರ ಬಾಗಿಲಿಗೆ ಮುಳ್ಳುಬೇಲಿ ಬಿದ್ದುದನ್ನು ಮಕ್ಕಳೇ ಕಣ್ಣಾರೆ ಕಂಡರು. ಆ ಬಳಿಕ 'ಗೃಹಭಂಗ'ವನ್ನು ಓದಿದವರು ಆ ಪುಟಗಳನ್ನು ಕುರಿತು ಮಾತಾಡುವ ದನಿಯೇ ಬೇರೆ. ಇನ್ನೊಂದು ಸಂಗತಿ ಮಠದ ಶಾಲೆಯಲ್ಲಿ ಓದುವವರಿಗೆ ವಿಶೇಷವಾಗಿ ತಟ್ಟುತ್ತದೆ. ಬ್ರಾಹ್ಮಣ ಸಂಸಾರವೊಂದರ ಈ ದುರಂತಕಥೆಯಲ್ಲಿ ಕಷ್ಟಕಾಲಕ್ಕೆ ಬೆನ್ನಿಗೆ ನಿಲ್ಲುವವರು ಗುಡಿಯಲ್ಲಿ ನೆಲೆಸಿ ಭಿಕ್ಷೆ ಬೇಡಿ ಉಣ್ಣುವ ಜಂಗಮರಾದ ಮಾದೇವಯ್ಯನವರು. ಜಂಗಮ ಎಂಬ ಮಾತಿನ ಅರ್ಥವನ್ನು ನಾವು ಪ್ರವಚನದಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇವೆ. ಮಾದೇವಯ್ಯನವರನ್ನು ಓದಿದ ವಿದ್ಯಾರ್ಥಿಗೆ ಅದು ಒಂದೇ ಸಲಕ್ಕೆ ತಿಳಿಯುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ೧೯೮೦ರಲ್ಲಿ ಬಂದಿತು. ಇದನ್ನು ಶಿಫಾರಸು ಮಾಡುವ ಹುಡುಗರನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಅವರಲ್ಲಿ ಹಲವರು ಪರೀಕ್ಷೆಯಲ್ಲಿ ಹಿಂದೆ ಬಿದ್ದವರು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ವಿಜ್ಞಾನಿಯಾದ ಕರ್ವಾಲೊ ಹುಡುಕುತ್ತಿರುವ ಹಾರುವ ಓತಿಯ ಸುಳಿವು ಸಿಗುವುದು ಊರಿನವರು ಕೆಲಸಕ್ಕೆ ಬಾರದವನೆಂದು ತಳ್ಳಿಹಾಕಿದ ಮಂದಣ್ಣನಿಂದ. ಜೇನು ಕೀಳುವ ಮಂದಣ್ಣನ ಕಣ್ಣಿಗೆ ಕಾಣುವುದು ಓದಿದವರ ಕಣ್ಣಿಗೆ ಕಾಣದು; ಅದನ್ನು ಗುರುತಿಸಿ ಗೌರವಿಸುವವನು ಆ ದೊಡ್ಡ ವಿಜ್ಞಾನಿಯೇ. ತೆಂಗಿನ ಮರದ ನುಸಿಪೀಡೆಯನ್ನೂ ಕಾಂಡದಲ್ಲಿ ರಸ ಸೋರುವ ರೋಗವನ್ನೂ ದೂರದಿಂದಲೇ ಗುರುತಿಸಬಲ್ಲ, ಆದರೆ ಗಣಿತದಲ್ಲಿ ಮೂವತ್ತೈದನ್ನು ದಾಟಲಾರದ ಹುಡುಗನು ಈ ಪುಸ್ತಕವನ್ನು ಎದೆಗೆ ಅವುಚಿಕೊಂಡರೆ ಅದರಲ್ಲಿ ಆಶ್ಚರ್ಯವೇನು? ನಾವು ಯಾವ ಹಿತವಚನದಿಂದಲೂ ಕೊಡಲಾಗದ ಸಮಾಧಾನವನ್ನು ಅವನು ಅಲ್ಲಿ ಪಡೆದಿರುತ್ತಾನೆ. ಅವನು ಅದನ್ನು ಕೊಡುವುದೂ ತನ್ನಂಥ ಇನ್ನೊಬ್ಬನಿಗೇ.

ಹುಡುಗಿಯರ ನಡುವೆ ಕೈ ಬದಲಿಸುವ ಪುಸ್ತಕಗಳು ಬೇರೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (೧೯೭೬) ಅವುಗಳಲ್ಲಿ ಮುಖ್ಯವಾದುದು. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶಮುಂಡನ ಮಾಡಿಸಿಕೊಂಡು, ದೀರ್ಘಕಾಲ ಬದುಕಿದ ಹೆಣ್ಣುಮಗಳೊಬ್ಬಳ ನಿಜಜೀವನವನ್ನು ಆಧರಿಸಿದ ಕೃತಿ ಅದು. ಮೇಲುದನಿಯಿಲ್ಲದೆ ಬರೆದಿರುವುದರಿಂದ ಹೆಚ್ಚು ತಾಗುತ್ತದೆ. ತ್ರಿವೇಣಿಯವರು ೧೯೬೩ರಲ್ಲಿಯೇ, ಮೂವತ್ತೈದನೆಯ ವಯಸ್ಸಿನ ಆಸುಪಾಸಿನಲ್ಲಿ, ತೀರಿಕೊಂಡರು. ಅವರ 'ಶರಪಂಜರ', 'ಬೆಕ್ಕಿನ ಕಣ್ಣು' ಇಂದಿಗೂ ಓದಿಸಿಕೊಳ್ಳುತ್ತವೆ. ಮನಸ್ಸಿನ ಕಾಯಿಲೆಯನ್ನು ದೆವ್ವವೆಂದೋ ನಟನೆಯೆಂದೋ ಭಾವಿಸುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇರುವಾಗ, ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆ ಎಂಬುದನ್ನು ಹದಿನೈದರ ಹುಡುಗಿಗೆ ಮೊದಲು ತಿಳಿಸಿದ್ದು ಒಂದು ಕಾದಂಬರಿ ಎಂದಾದರೆ ಅದು ಸಣ್ಣ ಉಪಕಾರವಲ್ಲ.

ತ.ರಾ.ಸು. ಅವರ 'ದುರ್ಗಾಸ್ತಮಾನ' (೧೯೮೨) ಗಾತ್ರದಿಂದ ಹೆದರಿಸಿದರೂ ಚಿತ್ರದುರ್ಗಕ್ಕೆ ಪ್ರವಾಸ ಹೋಗಿ ಬಂದವರಲ್ಲಿ ಒಬ್ಬರಾದರೂ ಅದನ್ನು ಹಿಡಿಯುತ್ತಾರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೃತಿಯನ್ನು ಪೂರ್ತಿ ಓದಿದ ವಿದ್ಯಾರ್ಥಿಗಳು ವಿರಳ; ಓದಿದವರು ಗುತ್ತಿಯ ನಾಯಿ ಹುಲಿಯನ ವಿಷಯವನ್ನೇ ಹೇಳುತ್ತಾರೆ, ಉಳಿದುದನ್ನು ಮುಂದೆ ಎಂದಾದರೂ ಹೇಳಿಯಾರು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳ ಅನುವಾದಗಳು ಇಂದಿಗೂ ಬಹಳ ಬೇಡಿಕೆಯಲ್ಲಿವೆ. ಮಾಟಮಂತ್ರದ ಕಥೆಗಳೆಂದು ನಾನು ಅವನ್ನು ಹೊಗಳಲಾರೆ; ಪುರುಷೋತ್ತಮನಿಗೆ ಸಲ್ಲುವ ನ್ಯಾಯವನ್ನು ಅವಕ್ಕೂ ಸಲ್ಲಿಸದೆ ಇರಲಾರೆ.

ಇನ್ನು ಕಠಿಣವಾದ ಮಾತು. ಕಿರಿಯರು ಸ್ವತಂತ್ರವಾಗಿ ಶಿಫಾರಸು ಮಾಡತೊಡಗಿದರೆ ನಮಗೆ ಒಗ್ಗುವ ಪುಸ್ತಕಗಳನ್ನಷ್ಟೇ ಹೇಳುತ್ತಾರೆಂಬ ಭರವಸೆಯಿಲ್ಲ. ಭೈರಪ್ಪನವರ 'ದಾಟು' (೧೯೭೩) ಜಾತಿಯ ಬೇಲಿಯನ್ನು ದಾಟಿ ಮದುವೆಯಾಗಬಯಸಿದ ಇಬ್ಬರು ತರುಣರನ್ನು ಕುರಿತದ್ದು. ಅದಕ್ಕೆ ೧೯೭೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಂದುದು ಪುಸ್ತಕಕ್ಕೆ. ಅಂಥ ಮದುವೆಗೆ ನಮ್ಮ ಊರುಗಳಲ್ಲಿ ಏನು ಬರುತ್ತದೆಂಬುದನ್ನು ಎಲ್ಲರೂ ಬಲ್ಲರು. ಬಸವರಾಜ ಕಟ್ಟೀಮನಿಯವರ 'ಜರತಾರಿ ಜಗದ್ಗುರು' ಮಠಗಳ ಆಡಂಬರವನ್ನೇ ನೇರವಾಗಿ ಟೀಕಿಸಿದ ಕೃತಿ. ಇಂಥವನ್ನು ಮಠದ ಶಾಲೆಯ ವಿದ್ಯಾರ್ಥಿಯೊಬ್ಬನು ಓದಿ, ಗೆಳೆಯನಿಗೂ ಓದೆಂದು ಹೇಳಿದರೆ ನಾವೇನು ಮಾಡಬೇಕು? ಕಪಾಟಿಗೆ ಬೀಗ ಹಾಕಬೇಕೆಂದು ಹೇಳುವ ಸಜ್ಜನರು ಇದ್ದಾರೆ. ಅವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಹೆತ್ತವರು ನಂಬಿ ಕಳುಹಿಸಿದ ಮಕ್ಕಳ ಹೊಣೆ ನಮ್ಮ ಮೇಲಿದೆ. ಹನ್ನೆರಡರವನಿಗೂ ಹದಿನೇಳರವನಿಗೂ ಒಂದೇ ಪುಸ್ತಕ ಸಲ್ಲದು ಎಂಬ ವಿವೇಕವೂ ಬೇಕು.

ಆದರೆ ನಮ್ಮ ಪರಂಪರೆಯನ್ನೇ ಸಾಕ್ಷಿಗೆ ಕರೆಯೋಣ. 'ಶೂನ್ಯಸಂಪಾದನೆ'ಯು ಆದಿಯಿಂದ ಅಂತ್ಯದವರೆಗೆ ಪ್ರಶ್ನೋತ್ತರದ ಗ್ರಂಥ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಮೃದುವಾಗಿ ಪ್ರಶ್ನಿಸಲಿಲ್ಲ; ಅಷ್ಟು ಜನ ಶರಣರ ಮುಂದೆ ಆ ತರುಣಿಯು ತಲೆತಗ್ಗಿಸಿ ಉತ್ತರಿಸಲಿಲ್ಲ. ಸೊನ್ನಲಿಗೆಯ ಸಿದ್ಧರಾಮಯ್ಯನವರ ಗುಡಿಗೆರೆಗಳ ಹಿರಿಮೆಯನ್ನೂ ಪ್ರಭುಗಳು ಪ್ರಶ್ನಿಸದೆ ಬ�ಿಡಲಿಲ್ಲ. ಇಂಥ ಗ್ರಂಥವನ್ನು ಪೀಠದ ಮೇಲಿಟ್ಟು ಪೂಜಿಸುವವರು ಒಂದು ಕಾದಂಬರಿಯ ಪ್ರಶ್ನೆಗೆ ಹೆದರುವುದು ಶೋಭಿಸದು. ಬೀಗ ಹಾಕಿದ ಪುಸ್ತಕವನ್ನು ವಿದ್ಯಾರ್ಥಿಯು ಹೇಗೂ ಓದುತ್ತಾನೆ. ಓದಿ ನಮ್ಮೊಡನೆ ಮಾತಾಡುವುದನ್ನು ಮಾತ್ರ ಬಿಡುತ್ತಾನೆ. ಅವನ ಮಾತನ್ನು ಕಳೆದುಕೊಳ್ಳುವುದೇ ನಮಗೆ ದೊಡ್ಡ ನಷ್ಟ.

ನಷ್ಟ ಬೇರೊಂದು ಕಡೆಯಿಂದ ಆಗುತ್ತಿದೆ. ಅದಕ್ಕೆ ಕಾದಂಬರಿ ಕಾರಣವಲ್ಲ. ಏಳು, ಎಂಟನೆಯ ತರಗತಿಯಲ್ಲಿ ಉತ್ಸಾಹದಿಂದ ಪುಸ್ತಕ ಒಯ್ಯುತ್ತಿದ್ದ ಮಕ್ಕಳು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನಿಲ್ಲಿಸುತ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೆಸರಿನಲ್ಲಿ ಗ್ರಂಥಾಲಯದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಒಪ್ಪಿಸುವುದು ಎಲ್ಲೆಲ್ಲಿಯೂ ಕಂಡುಬರುವ ಪದ್ಧತಿ. ಪರೀಕ್ಷೆ ಮುಗಿದ ಮೇಲೆ ಓದಲಿ ಎನ್ನುತ್ತಾರೆ. ಆ ವೇಳೆಗೆ ಮೊಬೈಲ್ ಫೋನು ಕೈಗೆ ಬಂದಿರುತ್ತದೆ. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತವರ ಮಕ್ಕಳು ನಮ್ಮಲ್ಲಿ ಬಹಳ. ಅವರ ಮನೆಗಳಲ್ಲಿ ಪುಸ್ತಕದ ಕಪಾಟು ಇರುವುದಿಲ್ಲ. ಹದಿನೈದರಲ್ಲಿ ನಿಂತ ಓದು ಅಂಥ ಮನೆಯಲ್ಲಿ ಮತ್ತೆ ಆರಂಭವಾಗುವುದು ಅಪರೂಪ. ಹುಡುಗಿಯರ ಪಾಡು ಇನ್ನೂ ಕಷ್ಟ. ಶಾಲೆ ಬಿಟ್ಟೊಡನೆ ಹುಡುಗನು ತಿಪಟೂರಿನ ಪೇಟೆಗಾದರೂ ಹೋದಾನು. ಹುಡುಗಿಯ ಪುಸ್ತಕವು ಅವಳ ಶಾಲಾಚೀಲದಲ್ಲಿಯೇ ಬರಬೇಕು, ಇಲ್ಲವಾದರೆ ಬರುವುದೇ ಇಲ್ಲ.

ಸಾಧನವಿಲ್ಲವೆಂದು ಹೇಳುವಂತಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ೧೯೬೫ರಷ್ಟು ಹಳೆಯದು. ಗ್ರಾಮಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. ೨೦೨೦ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳು ಅಲ್ಲಿ ಶುಲ್ಕವಿಲ್ಲದೆ ಸದಸ್ಯರಾಗಬಹುದು. ಪುಸ್ತಕವಿದೆ, ಕಪಾಟಿದೆ. ಇದನ್ನು ಓದು ಎಂದು ಹೇಳುವ ಓರಗೆಯ ಬಾಯಿ ಬೇಕು.

ಅದಕ್ಕಾಗಿ ಶಾಲೆಯ ಗ್ರಂಥಾಲಯದ ಮೇಜಿನ ಮೇಲೆ ಒಂದು ಇನ್ನೂರು ಪುಟದ ಗೆರೆಹಾಕಿದ ನೋಟುಪುಸ್ತಕವನ್ನು ಇಟ್ಟರೆ ಸಾಕು. ಕಾದಂಬರಿಯನ್ನು ಹಿಂದಿರುಗಿಸುವ ವಿದ್ಯಾರ್ಥಿಯು ಮನಸ್ಸಿದ್ದರೆ ಅದರಲ್ಲಿ ಅರ್ಧ ಪುಟ ಬರೆಯಲಿ, ಇಲ್ಲವಾದರೆ ಬಿಡಲಿ; ಕಡ್ಡಾಯ ಮಾಡಿದೊಡನೆ ಅದು ಮನೆಗೆಲಸದ ಪಟ್ಟಿಗೆ ಸೇರಿಹೋಗುತ್ತದೆ. ಯಾರು ಓದಿದರೆ ಚೆನ್ನ, ಎಲ್ಲಿ ನಿಧಾನವಾಗುತ್ತದೆ, ಎಷ್ಟು ದಿನ ಹಿಡಿಯಿತು ಎಂಬಷ್ಟು ಇದ್ದರೆ ಸಾಕು. ರುಚಿಸದ ಪುಸ್ತಕವನ್ನು ರುಚಿಸಲಿಲ್ಲವೆಂದೇ ಬರೆಯುವ ಅಧಿಕಾರವು ಅವರಿಗಿರಬೇಕು, ಅದು ಜ್ಞಾನಪೀಠ ಪಡೆದವರದೇ ಆಗಿದ್ದರೂ ಸರಿಯೆ. ಉಪಾಧ್ಯಾಯರು ಅದನ್ನು ಓದಬಹುದು. ಕೆಂಪು ಶಾಯಿಯನ್ನು ಮಾತ್ರ ಅದರ ಹತ್ತಿರ ತರಬಾರದು, ಕಾಗುಣಿತ ತಪ್ಪಿದ್ದರೂ ತಿದ್ದಬಾರದು. ಬರೆಯುವವರಿಗೆ ಇರಬೇಕಾದ ನಿಯಮ ಒಂದೇ: ಕಥೆಯ ಕೊನೆಯನ್ನು ಹೇಳಕೂಡದು. ಈ ನಿಯಮವನ್ನು ಮೀರಿದವರನ್ನು ವಿಚಾರಿಸಿಕೊಳ್ಳುವ ಹೊಣೆಯನ್ನು ಅವರ ತರಗತಿಯವರಿಗೇ ಬಿಡುವುದು ಲೇಸು.